ಸ್ಲೈಡಿನಲ್ಲಿ ₹ ಜಾಗಕ್ಕೆ ಡಬ್ಬಿ ಬಂದರೆ: ವಿಶೇಷ ಚಿಹ್ನೆಗಳ ದೋಷ ನಿವಾರಣೆ

ಸ್ಲೈಡಿನಲ್ಲಿ ₹, ° ಅಥವಾ ✓ ಕೆಟ್ಟು ಕಂಡೊಡನೆ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಎಲ್ಲವನ್ನೂ ಒಟ್ಟಿಗೆ ಆಯ್ದು ಫಾಂಟ್ ಬದಲಾಯಿಸುವುದು. ಅದೊಂದನ್ನು ಮಾತ್ರ ಮಾಡಬೇಡಿ. ಮೈಸೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನ್ನ ಮೇಜಿಗೆ ಬರುವ ಕಡತಗಳಲ್ಲಿ ಮೂಲ ದೋಷ ಸಾಮಾನ್ಯವಾಗಿ ಚಿಕ್ಕದೇ. ಅದರ ಮೇಲೆ ನಡೆದ ಫಾಂಟ್ ಬದಲಾವಣೆಯೇ ದೊಡ್ಡ ಅನಾಹುತ. ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಗಳಿರಲಿ, ಮಂಡ್ಯದಿಂದ ಬರುವ ಶಿಕ್ಷಕರಿರಲಿ, ಎಲ್ಲರದೂ ಒಂದೇ ಮಾತು: “ಸಾರ್, ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಇತ್ತು.” ಇತ್ತು, ನಿಜ. ದೋಷ ಎಲ್ಲಿದೆ ಎಂಬುದರ ಅರ್ಧ ಸುಳಿವು ಆ ಮಾತಿನಲ್ಲೇ ಇದೆ.

ಚಿಹ್ನೆ ಇರಬೇಕಾದ ಜಾಗದಲ್ಲಿ ಈಗ ಏನು ಕಾಣುತ್ತಿದೆ ಎಂಬುದನ್ನು ಮೊದಲು ನೋಡಿ. ಖಾಲಿ ಡಬ್ಬಿ ಕಂಡರೆ ಒಂದು ಕಾರಣ, ಪ್ರಶ್ನೆ ಗುರುತು ಕಂಡರೆ ಇನ್ನೊಂದು, ಸಂಬಂಧವೇ ಇಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಮತ್ತೊಂದು. ಇವುಗಳಲ್ಲಿ ಒಂದನ್ನು ಫಾಂಟ್ ಬದಲಿಸಿ ಸರಿಪಡಿಸಬಹುದು, ಒಂದನ್ನು ಯಾವ ಫಾಂಟೂ ಸರಿಪಡಿಸಲಾರದು, ಇನ್ನೊಂದು ಫಾಂಟ್ ಬದಲಿಸಿದ್ದರಿಂದಲೇ ಹುಟ್ಟಿದ್ದು.

ಕಣ್ಣಿನ ಮೇಲೆ ನಂಬಿಕೆ ಸಾಲದಿದ್ದರೆ ಒಂದು ಪರೀಕ್ಷೆ ಇದೆ. ಆ ಚಿಹ್ನೆಯನ್ನು ನಕಲು ಮಾಡಿ ವರ್ಡ್‌ನಲ್ಲಿ ಅಂಟಿಸಿ, ಅದರ ಬಲಕ್ಕೆ ಕರ್ಸರ್ ಇಟ್ಟು, ಆಲ್ಟ್ ಮತ್ತು ಎಕ್ಸ್ ಕೀಗಳನ್ನು ಒಟ್ಟಿಗೆ ಒತ್ತಿ. ಚಿಹ್ನೆ ಹೋಗಿ ಅದರ ಯೂನಿಕೋಡ್ ಸಂಖ್ಯೆ, ಅಂದರೆ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆಗಿರುವ ಅಕ್ಷರ ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಸಂಖ್ಯೆ, ಕಾಣಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಚಿಹ್ನೆ ಮರಳುತ್ತದೆ. ಲಿಬ್ರೆಆಫೀಸ್ ಬಳಸುವವರು ಸ್ಲೈಡಿನ ಮೇಲೆಯೇ ಇದನ್ನು ಮಾಡಬಹುದು. ಪವರ್‌ಪಾಯಿಂಟ್‌ನಲ್ಲಿ ಈ ಕೀಗಳನ್ನು ನೆಚ್ಚಿಕೊಳ್ಳಬೇಡಿ, ವರ್ಡ್‌ಗೇ ಹೋಗಿ. ಮುಂದೆ ಹಲವು ಕಡೆ ಈ ಪರೀಕ್ಷೆಯ ಮಾತು ಬರುತ್ತದೆ.

ಸಿಂಬಲ್ ಗುಂಡಿಯೇ ಮಂಕಾಗಿದ್ದರೆ

ಇದು ದೋಷವೇ ಅಲ್ಲ, ಆದರೂ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ. ಇನ್ಸರ್ಟ್ ಪಟ್ಟಿಯ ಸಿಂಬಲ್ ಗುಂಡಿ ಎಚ್ಚರಗೊಳ್ಳಬೇಕಾದರೆ ಕರ್ಸರ್ ಪಠ್ಯದ ಚೌಕದ ಒಳಗೆ ಮಿನುಗುತ್ತಿರಬೇಕು. ಚೌಕದ ಅಂಚನ್ನು ಆಯ್ದರೆ ಸಾಲದು, ಒಳಗೆ ಕ್ಲಿಕ್ ಮಾಡಬೇಕು. ಗೂಗಲ್ ಸ್ಲೈಡ್ಸ್‌ನ ವಿಶೇಷ ಅಕ್ಷರಗಳ ಪಟ್ಟಿಗೂ ಇದೇ ನಿಯಮ. ಮೇಲ್ತುದಿಯಲ್ಲಿ ಹಳದಿ ಪಟ್ಟಿ ಇದ್ದರೆ ಕಡತ ಇನ್ನೂ ರಕ್ಷಿತ ನೋಟದಲ್ಲಿದೆ ಎಂದರ್ಥ. ಮಿಂಚಂಚೆಯಿಂದಲೋ ವಾಟ್ಸಾಪ್‌ನಿಂದಲೋ ಇಳಿಸಿಕೊಂಡ ಕಡತಗಳು ಹೀಗೆ ತೆರೆಯುತ್ತವೆ. ತಿದ್ದಲು ಅನುಮತಿ ಕೊಟ್ಟ ಮೇಲೆ ಗುಂಡಿಗಳೆಲ್ಲ ಸರಿಹೋಗುತ್ತವೆ.

ಆಲ್ಟ್ ಹಿಡಿದು 0176 ಒತ್ತಿದರೂ ° ಬರುತ್ತಿಲ್ಲವೆಂದರೆ, ಸಂಖ್ಯೆಗಳನ್ನು ಕೀಲಿಮಣೆಯ ಮೇಲಿನ ಸಾಲಿನಿಂದ ಒತ್ತುತ್ತಿದ್ದೀರಿ. ಬಲಬದಿಯ ಸಂಖ್ಯಾ ಗುಂಪಿನಿಂದಲೇ ಒತ್ತಬೇಕು, ನಮ್‌ಲಾಕ್ ಚಾಲೂ ಇರಬೇಕು. ಆ ಗುಂಪೇ ಇಲ್ಲದ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೀ ಹಿಡಿದು ಪೂರ್ಣವಿರಾಮದ ಕೀ ಒತ್ತಿ. ಎಮೋಜಿ ಫಲಕ ತೆರೆಯುತ್ತದೆ. ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ಅದರಲ್ಲಿ ಚಿಹ್ನೆಗಳ ವಿಭಾಗವೂ ಇದೆ. ₹ ಬೇಕಾದವರು ಭಾರತದ ಇಂಗ್ಲಿಷ್ ಕೀಲಿಮಣೆಯನ್ನು ಆಯ್ದುಕೊಂಡು ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ಸಾಕು. ಅಮೆರಿಕದ ಕೀಲಿಮಣೆ ಆಯ್ಕೆಯಾಗಿದ್ದರೆ ಎಷ್ಟು ಒತ್ತಿದರೂ ಅದು ಬರುವುದಿಲ್ಲ.

ಖಾಲಿ ಡಬ್ಬಿ ಕಂಡರೆ

ಡಬ್ಬಿ ಕಂಡರೆ ಸಮಾಧಾನ ಪಡಿ. ಅಕ್ಷರ ಎಲ್ಲಿಗೂ ಹೋಗಿಲ್ಲ. ಅದನ್ನು ಬಿಡಿಸಲು ಬೇಕಾದ ಆಕಾರ ಆ ಫಾಂಟಿನಲ್ಲಿ ಇಲ್ಲ, ಅಷ್ಟೇ. ವರ್ಡ್‌ನಲ್ಲಿ ಪರೀಕ್ಷಿಸಿದರೆ 20ಬಿ9 ಎಂಬ ಸಂಖ್ಯೆ ಬರುತ್ತದೆ (ಬಿ ಎಂಬುದು ರೋಮನ್ ಅಕ್ಷರ). ಅದು ₹ ಚಿಹ್ನೆಯ ಸಂಖ್ಯೆ.

ರೂಪಾಯಿ ಚಿಹ್ನೆಗೆ ವಯಸ್ಸು ಕಡಿಮೆ. ಕೇಂದ್ರ ಸರ್ಕಾರ ಅದನ್ನು ಒಪ್ಪಿದ್ದು 2010ರ ಜುಲೈ 15ರಂದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಯೂನಿಕೋಡ್ 6.0ಕ್ಕೆ ಸೇರಿತು. ಅದಕ್ಕಿಂತ ಮೊದಲು ತಯಾರಾದ ಫಾಂಟುಗಳಲ್ಲಿ ಅದು ಹೇಗೆ ತಾನೇ ಇದ್ದೀತು? ನಮ್ಮ ಕಡೆಯ ಸಭಾಂಗಣಗಳಲ್ಲಿ ಪ್ರೊಜೆಕ್ಟರ್‌ಗೆ ಕಟ್ಟಿಹಾಕಿರುವ ಹಳೆಯ ಕಂಪ್ಯೂಟರ್‌ಗಳಲ್ಲಿ ಅಂಥ ಫಾಂಟುಗಳೇ ತುಂಬಿರುತ್ತವೆ.

ಪರಿಹಾರ ಸರಳ. ಆ ಒಂದೇ ಚಿಹ್ನೆಯನ್ನು ಆಯ್ದು, ಅದಕ್ಕೆ ಮಾತ್ರ, ಆಕಾರ ಇರುವ ಫಾಂಟ್ ಕೊಡಿ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಎಲ್ಲ ಕಡೆಯೂ ಸಿಗುತ್ತದೆ. ಅದರಲ್ಲಿ ಕನ್ನಡವೂ ಇದೆ, ₹ ಕೂಡ ಇದೆ. ತುಂಗಾ ಫಾಂಟಿನಲ್ಲಿ ಸಿದ್ಧಪಡಿಸಿದ ಹಳೆಯ ಸ್ಲೈಡುಗಳು ಹೊಸ ಯಂತ್ರದಲ್ಲಿ ಬೇರೆಯಾಗಿ ಕಾಣುವುದಕ್ಕೂ ಕಾರಣ ಇದೆ: ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ, ಕನ್ನಡದ ಪೂರಕ ಫಾಂಟುಗಳು ಎಂಬ ಐಚ್ಛಿಕ ಸೌಲಭ್ಯವಾಗಿ ಸೇರಿಸಿಕೊಳ್ಳಬೇಕು.

ಹಳಗನ್ನಡದವರ ಗೋಳು ಇನ್ನೂ ಒಂದಿದೆ. ಶಾಸನಪಾಠ ಹಾಕುವಾಗ ಱ, ೞ ಬೇಕೇ ಬೇಕು. ಹಲವು ಫಾಂಟುಗಳಲ್ಲಿ ಈ ಎರಡರ ಜಾಗವೂ ಖಾಲಿ. ಫಾಂಟ್ ಸರಿಯಿದ್ದರೂ ೞ ಹುಡುಕಿದರೆ ಸಿಗುವುದಿಲ್ಲ ಎಂದು ವಿದ್ಯಾರ್ಥಿಗಳು ದೂರುತ್ತಾರೆ. ಯೂನಿಕೋಡ್ ಪಟ್ಟಿಯಲ್ಲಿ ಆ ಅಕ್ಷರಕ್ಕೆ ತಪ್ಪಾಗಿ ‘ಫ’ (ಇಂಗ್ಲಿಷಿನ ಎಫ್‌ ಮತ್ತು ಎ) ಎಂಬ ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದ್ದರಿಂದ ಹೆಸರಿನಿಂದ ಹುಡುಕುವ ಕಡೆಗಳಲ್ಲಿ ಇಂಗ್ಲಿಷಿನಲ್ಲಿ ‘ಕನ್ನಡ ಲೆಟರ್ ಎಫ್‌ಎ’ ಎಂದೇ ಹುಡುಕಬೇಕು. ಸಿಂಬಲ್ ಪಟ್ಟಿಯಲ್ಲಾದರೆ ಫಾಂಟ್ ನಿರ್ಮಲಾ ಎಂದು, ಉಪವಿಭಾಗ ಕನ್ನಡ ಎಂದು ಆಯ್ದು ಕಣ್ಣಿನಿಂದಲೇ ಹುಡುಕುವುದು ಬೇಗ.

ಪ್ರಶ್ನೆ ಗುರುತು ಕಂಡರೆ

ಇಲ್ಲಿ ಸಮಾಧಾನಕ್ಕೆ ಜಾಗವಿಲ್ಲ. ಪರೀಕ್ಷೆಯಲ್ಲಿ 3ಎಫ್ ಎಂದು ಬಂದರೆ ಅದು ನಿಜವಾದ ಪ್ರಶ್ನೆ ಗುರುತೇ. ನೀವು ಹಾಕಿದ ಚಿಹ್ನೆ ದಾರಿಯಲ್ಲೆಲ್ಲೋ ಅಳಿಸಿಹೋಗಿದೆ. ಯೂನಿಕೋಡ್ ತಿಳಿಯದ ತಂತ್ರಾಂಶದ ಮೂಲಕ ಪಠ್ಯ ಹಾದು ಬಂದಾಗ ಹೀಗಾಗುತ್ತದೆ. ನಮ್ಮ ಡಿಟಿಪಿ ಅಂಗಡಿಗಳ ಹಳೆಯ ಸಂಗಾತಿ ಪೇಜ್‌ಮೇಕರ್ ಇದರಲ್ಲಿ ಮೊದಲಿಗ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಹಳೆಯ ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಎಂಬ, ಯೂನಿಕೋಡ್‌ಗಿಂತ ಹಳೆಯ ಸಂಕೇತಗಳ ಬಗೆಯಲ್ಲಿ ಉಳಿಸಿದ ಕಡತಗಳೂ ಹೀಗೆಯೇ. ಉಳಿಸುವಾಗ ನೋಟ್‌ಪ್ಯಾಡ್ ಎಚ್ಚರಿಕೆ ಕೊಡುತ್ತದೆ, ನಾವು ಓದದೆ ಸರಿ ಎನ್ನುತ್ತೇವೆ.

ಇಂಥದ್ದಕ್ಕೆ ಫಾಂಟ್ ಬದಲಿಸಿ ಹೆಣಗಾಡುವುದು ವ್ಯರ್ಥ. ಮೂಲ ಕಡತ ಹುಡುಕಿ ಅಲ್ಲಿಂದ ಮತ್ತೆ ನಕಲು ಮಾಡಿ, ಇಲ್ಲವೇ ಹೊಸದಾಗಿ ಟೈಪ್ ಮಾಡಿ. ಕಪ್ಪು ವಜ್ರಾಕಾರದೊಳಗೆ ಪ್ರಶ್ನೆ ಗುರುತು ಕಂಡರೆ ಮಾತ್ರ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು: ಓದಿದ ತಂತ್ರಾಂಶ ಸಂಕೇತಗಳನ್ನು ತಪ್ಪು ಬಗೆಯಲ್ಲಿ ಓದಿದೆ ಎಂದರ್ಥ, ಮೂಲ ಕಡತವನ್ನು ಸರಿಯಾದ ಬಗೆಯಲ್ಲಿ ತೆರೆದರೆ ಅಕ್ಷರ ಸಿಗಬಹುದು.

ಸಂಬಂಧವಿಲ್ಲದ ಅಕ್ಷರ ಕಂಡರೆ

ಮಂಡ್ಯದ ಶಿಕ್ಷಕಿಯೊಬ್ಬರು ತಂದ ಸ್ಲೈಡಿನ ಉದಾಹರಣೆ ಕೊಡುತ್ತೇನೆ. ವಿಷಯ ಕೃಷ್ಣರಾಜಸಾಗರ: ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ ಅಡಿ, ಕೆಳಗೆ ನಾಲೆಗಳ ಪಟ್ಟಿ. ಪ್ರತಿ ಸಾಲಿನ ಆರಂಭದಲ್ಲಿ ಟಿಕ್ ಗುರುತು ಇತ್ತಂತೆ. ನನ್ನ ಮುಂದೆ ತೆರೆದಾಗ ಟಿಕ್ ಇಲ್ಲ, ಪ್ರತಿ ಸಾಲಿಗೂ ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ಇಂಗ್ಲಿಷ್ ಯು ಅಕ್ಷರ. ಬಾಣದ ಗುರುತು ಇದ್ದ ಕಡೆ ಮೇಲೆ ಓರೆಗೆರೆ ಎಳೆದ ಎ. ಕೊನೆಯ ಸಾಲಿನಲ್ಲಿ ನಗುಮುಖದ ಬದಲು ಒಂಟಿ ಜೆ.

ಈ ಮೂರನ್ನೂ ಒಟ್ಟಿಗೆ ಕಂಡರೆ ಇನ್ನೇನೂ ಪರೀಕ್ಷಿಸಬೇಕಿಲ್ಲ, ಇದು ವಿಂಗ್‌ಡಿಂಗ್ಸ್ ಫಾಂಟಿನ ಆಟ. ಆ ಫಾಂಟಿನಲ್ಲಿ ಟಿಕ್ ಎಂಬ ಸ್ವತಂತ್ರ ಅಕ್ಷರ ಇಲ್ಲ. 252ನೇ ಸ್ಥಾನದಲ್ಲಿ, ಚುಕ್ಕಿಯ ಯು ಇರಬೇಕಾದ ಕಡೆ, ಟಿಕ್ ಚಿತ್ರ ಕೂರಿಸಿದ್ದಾರೆ. ಫಾಂಟ್ ಇರುವ ತನಕ ಟಿಕ್, ಫಾಂಟ್ ತಪ್ಪಿದರೆ ಯು. ಬಾಣವನ್ನೂ ನಗುಮುಖವನ್ನೂ ನೀವು ಹಾಕಿಯೇ ಇಲ್ಲದಿರಬಹುದು: ಎರಡು ಅಡ್ಡಗೆರೆ ಮತ್ತು ಕೋನದ ಗುರುತು ಒತ್ತಿದರೆ ತಂತ್ರಾಂಶವೇ ತಿದ್ದಿ ವಿಂಗ್‌ಡಿಂಗ್ಸ್ ಬಾಣ ಮಾಡುತ್ತದೆ. ಈ ಉಪಕಾರ ಬೇಡವೆಂದರೆ ಫೈಲ್, ಆಪ್ಷನ್ಸ್, ಪ್ರೂಫಿಂಗ್ ಎಂದು ಹೋಗಿ ಆಟೋಕರೆಕ್ಟ್ ಪಟ್ಟಿಯಿಂದ ಆ ಸಾಲುಗಳನ್ನು ತೆಗೆಯಿರಿ.

ಸಾಲಿನ ಗುರುತುಗಳು ಅಂದರೆ ಬುಲೆಟ್‌ಗಳು ಕೂಡ ಹೀಗೆಯೇ ವೇಷ ಬದಲಿಸುತ್ತವೆ. ಬಾಣದ ಬುಲೆಟ್ ಅಡ್ಡಗೆರೆ ಹೊಡೆದ ಓ ಆಗುತ್ತದೆ, ಚಿಕ್ಕ ಚೌಕ § ಆಗುತ್ತದೆ. ಮೊಬೈಲ್‌ನಲ್ಲಿ ಇದು ಹೆಚ್ಚು, ಏಕೆಂದರೆ ಅಲ್ಲಿ ವಿಂಗ್‌ಡಿಂಗ್ಸ್ ಇರುವುದೇ ಇಲ್ಲ. ಲಿಬ್ರೆಆಫೀಸ್ ಕೆಲವನ್ನು ತನ್ನದೇ ಫಾಂಟಿನಿಂದ ಹೊಂದಿಸಿಕೊಳ್ಳುತ್ತದೆ.

ಶಾಶ್ವತ ಪರಿಹಾರವೆಂದರೆ ವಿಂಗ್‌ಡಿಂಗ್ಸ್ ಬಿಟ್ಟು ಯೂನಿಕೋಡಿನ ನಿಜವಾದ ✓ ಮತ್ತು → ಬಳಸುವುದು. ವರ್ಡ್‌ನಲ್ಲಿ 2713 ಎಂದು ಬರೆದು ಆಲ್ಟ್ ಎಕ್ಸ್ ಒತ್ತಿ, ಬಂದ ✓ ಗುರುತನ್ನು ಸ್ಲೈಡಿಗೆ ತನ್ನಿ, ಬಾಣಕ್ಕೆ 2192. ಸಂಖ್ಯೆಯ ಹಿಂದೆ ಒಂದು ಖಾಲಿ ಜಾಗ ಬಿಡಿ, ಇಲ್ಲವಾದರೆ ಹಿಂದಿನ ಅಂಕಿಗಳೂ ಸೇರಿಕೊಂಡು ಬೇರೇನೋ ಹುಟ್ಟುತ್ತದೆ. ಈಗಾಗಲೇ ಇರುವ ಟಿಕ್ ಅಸಲಿಯೋ ವಿಂಗ್‌ಡಿಂಗ್ಸೋ ಎಂಬ ಅನುಮಾನವಿದ್ದರೆ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಅಲ್ಲಿಯೂ ಟಿಕ್ ಆಗಿಯೇ ಉಳಿದರೆ ಅಸಲಿ.

ಇದೇ ಗುಂಪಿಗೆ ಸೇರಿದ ಇನ್ನೊಂದು ಹಳೆಯ ಕಥೆ: ಬೆಲೆಯ ಮುಂದೆ ₹ ಬದಲು ಕೀಲಿಮಣೆಯ ಎಡ ಮೂಲೆಯಲ್ಲಿರುವ ಚಿಕ್ಕ ಓರೆಗೆರೆ ಕಾಣುವುದು. 2010ರಲ್ಲಿ ಚಿಹ್ನೆ ಪ್ರಕಟವಾದ ಬೆನ್ನಿಗೇ ಮಂಗಳೂರಿನ ಸಂಸ್ಥೆಯೊಂದು ಉಚಿತ ಫಾಂಟ್ ಬಿಡುಗಡೆ ಮಾಡಿ, ಆ ಕೀಗೆ ರೂಪಾಯಿ ಚಿಹ್ನೆಯನ್ನು ಕೂರಿಸಿತ್ತು. ಯೂನಿಕೋಡ್ ಬರುವ ತನಕ ಅದು ಒಳ್ಳೆಯ ಉಪಾಯವೇ ಆಗಿತ್ತು. ಆಗ ಸಿದ್ಧಪಡಿಸಿದ ಸ್ಲೈಡನ್ನು ವರ್ಷ ವರ್ಷವೂ ದಿನಾಂಕ ಬದಲಿಸಿ ಬಳಸುವವರು ಇಂದಿಗೂ ಇದ್ದಾರೆ. ಹುಡುಕಿ ಬದಲಿಸುವ ಸೌಲಭ್ಯದಿಂದ ಎಲ್ಲವನ್ನೂ ₹ ಮಾಡಿಬಿಡಿ.

ಇಡೀ ಕನ್ನಡ ಸಾಲೇ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಅದು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್. ತತ್ವ ವಿಂಗ್‌ಡಿಂಗ್ಸ್‌ನದೇ: ಒಳಗೆ ಇರುವುದು ರೋಮನ್ ಸಂಕೇತ, ಮೇಲೆ ಕನ್ನಡದ ತುಣುಕುಗಳ ವೇಷ. ಇಂಥ ಸಾಲಿನ ನಡುವೆ ₹ ಸೇರಿಸಿದಾಗ ಚಿಹ್ನೆ ಬೇರೆ ಫಾಂಟಿನಿಂದ ಬರುತ್ತದೆ, ಕೆಲವೊಮ್ಮೆ ಅದರ ಮುಂದೆ ಟೈಪ್ ಮಾಡಿದ್ದೆಲ್ಲ ಆ ಫಾಂಟಿಗೇ ಜಾರಿ ರೋಮನ್ ಆಗಿಬಿಡುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆಟೋಕರೆಕ್ಟ್ ಚಾಲೂ ಇದ್ದರೆ ಸಾಲಿನ ಮೊದಲ ಅಕ್ಷರವೂ ಬದಲಾಗುತ್ತದೆ. ತಾತ್ಕಾಲಿಕ ತೇಪೆ ಹಾಕುವ ಬದಲು ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದುಬಿಡಿ. ಒತ್ತಕ್ಷರಗಳನ್ನೂ ಅಂಕಿಗಳನ್ನೂ ಪರಿವರ್ತನೆಯಾದ ಮೇಲೆ ಒಮ್ಮೆ ಓದಿ ನೋಡಬೇಕು, ಪರಿವರ್ತಕಗಳು ಎಡವುವುದು ಅಲ್ಲಿಯೇ.

ಚುಕ್ಕಿಗಳ ವೃತ್ತ, ಜಾರಿದ ಒತ್ತು

ಗುಣಿತದ ಚಿಹ್ನೆಯ ಪಕ್ಕ ಚುಕ್ಕಿಗಳ ವೃತ್ತ ಕಂಡರೆ ಆ ಚಿಹ್ನೆಗೆ ಆಧಾರವಾಗಿ ವ್ಯಂಜನ ಸಿಕ್ಕಿಲ್ಲ. ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿದಾಗ ಅಕ್ಷರಗಳ ಕ್ರಮ ಏರುಪೇರಾಗಿ ಹೀಗಾಗುವುದು ಸಾಮಾನ್ಯ. ಒಂದೊಂದಾಗಿ ತಿದ್ದುವುದಕ್ಕಿಂತ ಆ ಸಾಲನ್ನು ಮತ್ತೆ ಟೈಪ್ ಮಾಡುವುದು ಬೇಗ ಮುಗಿಯುತ್ತದೆ.

ಕಣ್ಣಿಗೆ ಕಾಣದ ಎರಡು ಅಕ್ಷರಗಳು ಇನ್ನಷ್ಟು ಕಾಡುತ್ತವೆ. ‘ಸಾಫ್ಟ್‌ವೇರ್’ ಎಂಬಲ್ಲಿ ವೇ ಕೆಳಗಿಳಿದು ಒತ್ತಾದರೆ, ನಡುವೆ ಇರಬೇಕಾದ ಶೂನ್ಯ ಅಗಲದ ತಡೆ ಬಿಟ್ಟುಹೋಗಿದೆ. ಅದರ ಸಂಖ್ಯೆ 200ಸಿ. ‘ರ‍್ಯಾಂಕ್’ ಎಂದು ಬರೆಯಬೇಕಾದ ಕಡೆ ‘ರ್ಯಾಂಕ್’ ಎಂದು ಅರ್ಕಾವತ್ತು ಬಂದರೆ 200ಡಿ ಸಂಖ್ಯೆಯ ಜೋಡಕ ಬೇಕು, ಅದೂ ರ ಮತ್ತು ಹಲಂತದ ನಡುವೆ. ಹಲಂತದ ನಂತರ ಹಾಕಿದರೆ ಫಲ ಬೇರೆ.

ರೋಮನ್ ಲಿಪಿಯಲ್ಲಿ ಸಂಸ್ಕೃತ ಬರೆಯುವವರಿಗೆ ಅಡಿಚುಕ್ಕಿಯ ತೊಂದರೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹಸ್ತಪ್ರತಿಯಿಂದ ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಬಗ್ಗೆ ಪ್ರಬಂಧ ಮಂಡಿಸುವವರು ಕೌಟಿಲ್ಯನ ಹೆಸರಿನ ಟಿ ಅಕ್ಷರದ ಕೆಳಗೆ ಚುಕ್ಕಿ ಇಡಲೇಬೇಕು. ಆ ಚುಕ್ಕಿ ಪಕ್ಕದ ಅಕ್ಷರದ ಕೆಳಗೆ ಜಾರಿದ್ದರೆ, ಅಕ್ಷರವನ್ನೂ ಚುಕ್ಕಿಯನ್ನೂ ಬೇರೆ ಬೇರೆಯಾಗಿ ಸೇರಿಸಲಾಗಿದೆ, ಫಾಂಟಿಗೆ ಅವನ್ನು ಜೋಡಿಸಲು ಬರುತ್ತಿಲ್ಲ. ಚುಕ್ಕಿ ಸಮೇತ ಇರುವ ಒಂದೇ ಅಕ್ಷರವನ್ನು ಸಿಂಬಲ್ ಪಟ್ಟಿಯಿಂದ ಆಯ್ದು ಹಾಕಿ, ಫಾಂಟನ್ನು ನೋಟೋ ಸೆರಿಫ್ ಅಥವಾ ಜೆಂಟಿಯಂ ಮಾಡಿ.

ಸರಿಯಾಗಿಯೇ ಕಾಣುವ ತಪ್ಪುಗಳು

ನನ್ನ ಅನುಭವದಲ್ಲಿ ಅಪಾಯಕಾರಿಯಾದವು ಇವೇ, ಏಕೆಂದರೆ ಡಬ್ಬಿಯಂತೆ ಇವು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ‘ಕಂಪ್ಯೂಟರ್’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ೦ ಒತ್ತುವವರು ಬಹಳ. ಒಂದು ಫಾಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಫಾಂಟ್ ಬದಲಾದೊಡನೆ ಸೊನ್ನೆ ಉಬ್ಬಿ ನಿಲ್ಲುತ್ತದೆ. ಹುಡುಕಿದರೆ ಪದ ಸಿಗುವುದಿಲ್ಲ. ಅರ್ಕಾವತ್ತಿನ ಬದಲು ಅಂಕಿ ೯ ಬರೆಯುವುದು ಇದರದೇ ಸೋದರ: ‘ಕಾರ್ಯ’ ಹೋಗಿ ‘ಕಾಯ೯’ ಆಗಿರುತ್ತದೆ. ಅವಗ್ರಹ ಽ ಬರಬೇಕಾದ ಕಡೆ ಇಂಗ್ಲಿಷಿನ ಎಸ್, ಪದ್ಯದ ಕೊನೆಯ ॥ ಬದಲು ಎರಡು ಲಂಬ ಗೆರೆ, ಡಿಗ್ರಿಯ ° ಬದಲು ಮೇಲಕ್ಕೇರಿಸಿದ ಇಂಗ್ಲಿಷ್ ಓ. ವರ್ಡ್‌ನ ಪರೀಕ್ಷೆಯಲ್ಲಿ ಅನುಸ್ವಾರಕ್ಕೆ 0ಸಿ82 ಬರಬೇಕು. 0ಸಿಇ6 ಬಂದರೆ ಅದು ಸೊನ್ನೆ. ಹುಡುಕಿ ಬದಲಿಸುವಾಗ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಡಿ, ನಿಜವಾದ ಸೊನ್ನೆಗಳೂ ಅನುಸ್ವಾರವಾದಾವು.

ಘಾತಸಂಖ್ಯೆಗಳದು ಬೇರೆಯೇ ಪಾಡು. ಶಿಕ್ಷಕಿಯ ಅದೇ ಸ್ಲೈಡಿನಲ್ಲಿ ಒಂದು ಟಿಎಂಸಿ ಅಡಿ ಅಂದರೆ ಸುಮಾರು 2.83 × 10⁷ ಘನ ಮೀಟರ್ ಎಂಬ ಸಾಲಿತ್ತು. ಅವರು ಏಳನ್ನು ಸೂಪರ್‌ಸ್ಕ್ರಿಪ್ಟ್ ಮಾಡಿ ಮೇಲೇರಿಸಿದ್ದರು, ಸ್ಲೈಡಿನಲ್ಲಿ ಅದು ಸರಿಯಾಗಿಯೇ ಇತ್ತು. ಮಕ್ಕಳ ವಾಟ್ಸಾಪ್ ಗುಂಪಿಗೆ ಆ ಸಾಲನ್ನು ನಕಲು ಮಾಡಿ ಕಳಿಸಿದಾಗ ಏಳು ಕೆಳಗಿಳಿದು 2.83 × 107 ಆಯಿತು, ಅಂದರೆ ಮುನ್ನೂರು ಘನ ಮೀಟರ್ ಚಿಲ್ಲರೆ. ಆ ಲೆಕ್ಕದಲ್ಲಿ ಇಡೀ ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ನೀರು ಹದಿನೈದು ಸಾವಿರ ಘನ ಮೀಟರ್ ಮಾತ್ರ. ಮಕ್ಕಳು ಅದನ್ನೇ ಬರೆದುಕೊಂಡಿದ್ದರಂತೆ.

ಸೂಪರ್‌ಸ್ಕ್ರಿಪ್ಟ್ ಎಂಬುದು ಅಲಂಕಾರ, ಅಕ್ಷರವಲ್ಲ. ಬರಿಯ ಪಠ್ಯವಾಗಿ ಹೊರಟಾಗ ಅದು ಉದುರಿಹೋಗುತ್ತದೆ. ಯೂನಿಕೋಡಿನ ⁷ ಅಕ್ಷರವನ್ನೇ ಬಳಸಿದರೆ ನಕಲು ಮಾಡಿದರೂ ಉಳಿಯುತ್ತದೆ. ಅದಕ್ಕೂ ಒಂದು ಕುಂದು ಇದೆ. ², ³ ಎರಡೂ ಹಳೆಯ ಪಟ್ಟಿಯವು, ಬಹುತೇಕ ಎಲ್ಲ ಲ್ಯಾಟಿನ್ ಫಾಂಟುಗಳಲ್ಲಿ ಸಿಗುತ್ತವೆ. ⁴ರಿಂದ ಮುಂದಿನವು ಬೇರೆ ಪಟ್ಟಿಯಲ್ಲಿರುವುದರಿಂದ ಹಲವು ಫಾಂಟುಗಳಲ್ಲಿ ಇಲ್ಲ. ಆಗ ³ ಒಂದು ಫಾಂಟಿನಿಂದ, ⁷ ಇನ್ನೊಂದರಿಂದ ಬಂದು, ಒಂದು ದಪ್ಪ ಒಂದು ಸಣಕಲು ಆಗಿ ಕಾಣುತ್ತವೆ. ಪರದೆಯ ಮೇಲೆ ತೋರಿಸುವುದಷ್ಟೇ ಆದರೆ ಸೂಪರ್‌ಸ್ಕ್ರಿಪ್ಟ್ ಸಾಕು: ಕಂಟ್ರೋಲ್, ಶಿಫ್ಟ್ ಮತ್ತು ಸಮ ಚಿಹ್ನೆ. ಹಂಚುವ ಪಠ್ಯವಾದರೆ ⁷ ಅಕ್ಷರವನ್ನೇ ಹಾಕಿ, ಅಥವಾ 2.83 ಕೋಟಿ ಘನ ಮೀಟರ್ ಎಂದು ಬರೆದುಬಿಡಿ. ನನ್ನ ಮತ ಎರಡನೆಯದಕ್ಕೆ.

ಬೇರೆಯವರ ಕಂಪ್ಯೂಟರಿನಲ್ಲಿ ತೋರಿಸಬೇಕಾದಾಗ

ಕಡತವನ್ನು ಪೆನ್ ಡ್ರೈವ್‌ಗೆ ಹಾಕುವ ಮೊದಲು ಫೈಲ್, ಆಪ್ಷನ್ಸ್, ಸೇವ್ ಎಂದು ಹೋಗಿ ಫಾಂಟುಗಳನ್ನು ಕಡತದೊಳಗೇ ಹುದುಗಿಸುವ ಆಯ್ಕೆಗೆ ಗುರುತು ಹಾಕಿ. ಅಲ್ಲಿ ಎರಡು ಬಗೆ ಇವೆ: ಬಳಸಿದ ಅಕ್ಷರಗಳು ಮಾತ್ರ, ಅಥವಾ ಎಲ್ಲ ಅಕ್ಷರಗಳು. ಮಾರ್ಗದರ್ಶಕರು ಕೊನೆಯ ಗಳಿಗೆಯಲ್ಲಿ ತಿದ್ದುವ ಸ್ವಭಾವದವರಾದರೆ ಎರಡನೆಯದೇ ಬೇಕು; ಮೊದಲನೆಯದರಲ್ಲಿ ಅವರು ಹೊಸದಾಗಿ ಸೇರಿಸುವ ಅಕ್ಷರಕ್ಕೆ ಆಕಾರ ಇರುವುದಿಲ್ಲ. ತಯಾರಕರು ಹುದುಗಿಸಲು ಅನುಮತಿ ಕೊಡದ ಫಾಂಟುಗಳು ಹೇಗೂ ಒಳಗೆ ಬರುವುದಿಲ್ಲ. ಮೊಬೈಲ್‌ನಲ್ಲಿ ಇಣುಕಿ ನೋಡಿ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ವಾಟ್ಸಾಪ್‌ನಿಂದ ತೆರೆದಾಗ ಕಾಣುವುದು ಮೊಬೈಲಿನ ಫಾಂಟುಗಳೇ ಹೊರತು ನಿಮ್ಮವಲ್ಲ.

ಜೊತೆಗೆ ಒಂದು ಪಿಡಿಎಫ್ ಪ್ರತಿ ಇರಲಿ. ಉಳಿಸುವಾಗ ಆಯ್ಕೆಗಳ ಗುಂಡಿ ಒತ್ತಿ, ಹುದುಗಿಸಲಾಗದ ಫಾಂಟಿನ ಪಠ್ಯವನ್ನು ಚಿತ್ರವಾಗಿಸುವ ಸಾಲಿಗೆ ಗುರುತು ಇದೆಯೇ ನೋಡಿಕೊಳ್ಳಿ. ಪಿಡಿಎಫ್‌ನಲ್ಲಿ ಅನಿಮೇಷನ್ ಬರುವುದಿಲ್ಲ, ಒಂದರ ಹಿಂದೆ ಒಂದು ಬರಬೇಕಾದ ಸಾಲುಗಳು ಒಟ್ಟಿಗೆ ಕಾಣುತ್ತವೆ. ಒಂದೇ ಒಂದು ಸೂತ್ರವೋ ಶಾಸನದ ಸಾಲೋ ಮೊಂಡು ಹಿಡಿದಿದ್ದರೆ ಅದನ್ನಷ್ಟೇ ಕತ್ತರಿಸಿ, ವಿಶೇಷ ಅಂಟಿಸುವಿಕೆಯಲ್ಲಿ ಚಿತ್ರ ಎಂದು ಆಯ್ದು ಮತ್ತೆ ಅಂಟಿಸಿ. ಆಮೇಲೆ ತಿದ್ದಲು ಬರುವುದಿಲ್ಲವಾದ್ದರಿಂದ ಪಠ್ಯದ ಮೂಲ ಸಾಲನ್ನು ಅದೇ ಸ್ಲೈಡಿನ ಟಿಪ್ಪಣಿ ಜಾಗದಲ್ಲಿ ಇಟ್ಟುಕೊಳ್ಳಿ.